ರೂನಾ ಅತ್ತೆಯ ಗಡಿ ಕಾರ್ಡು

ರೂನಾ ಅತ್ತೆ ಹುಟ್ಟಿದ್ದು ಕೆನಡಾದ ಒಂದು ಆಲೂಗಡ್ಡೆ ಹೊಲದ ಪಕ್ಕ, ರಸ್ತೆಬದಿಗೆ ನಿಲ್ಲಿಸಿದ್ದ ಟ್ರಕ್ಕಿನೊಳಗೆ. ಅವರ ಅಮ್ಮ ಹೆರಿಗೆಗೆಂದು ಹೊರಟಿದ್ದು ಅಮೆರಿಕದಿಂದ ಅಮೆರಿಕಕ್ಕೇ. ನಡುವೆ ಕೆನಡಾ ಬಿತ್ತು, ಅಷ್ಟೆ.

ನಮ್ಮ ಪಾಯಿಂಟ್ ರಾಬರ್ಟ್ಸ್ ಇರುವುದೇ ಹಾಗೆ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಕೆನಡಾ. ನಾವು ವಾಷಿಂಗ್ಟನ್ ರಾಜ್ಯದವರು, ಆದರೆ ಉಳಿದ ವಾಷಿಂಗ್ಟನ್ನಿಗೆ ರಸ್ತೆಯಲ್ಲಿ ಹೋಗಬೇಕಾದರೆ ಒಂದು ಗಡಿ ದಾಟಿ ಕೆನಡಾ ಹೊಕ್ಕು, ಅಲ್ಲಿಂದ ಇನ್ನೊಂದು ಗಡಿ ದಾಟಿ ಬ್ಲೇನ್ ಎಂಬ ಊರಿಗೆ ಇಳಿಯಬೇಕು. ಹಲ್ಲು ಕೀಳಿಸಲು ಹಾಗೆ, ದೊಡ್ಡ ಮಕ್ಕಳು ಶಾಲೆಗೆ ಹೋಗಲು ಹಾಗೆ, ಹೆಂಗಸರು ಹೆರಲು ಹಾಗೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದೊಂದು ವಿಷಯವೇ ಅಲ್ಲ. ನಾನು ಸಿಯಾಟಲ್‌ನಲ್ಲಿ ಬೆಳೆದವಳು. ಅಲ್ಲಿ ಮನೆ ಬಾಗಿಲಿಗೆ ಬಸ್ಸು ಬರುತ್ತಿತ್ತು, ಕಾರು ಓಡಿಸಲು ಕಲಿಯಲೇ ಇಲ್ಲ. ಆರ್ನಿಯನ್ನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಚಿಂತೆ ಮಾಡಲು ನನಗೆ ಯಾವತ್ತೂ ವಿಷಯದ ಕೊರತೆಯಾಗಿಲ್ಲ.

ರೂನಾ ಹೆಲ್ಗಸನ್ ಆರ್ನಿಯ ಸೋದರತ್ತೆ. ಊರಿಗೆಲ್ಲ ಅವರು ಅತ್ತೆಯೇ. ಅರವತ್ತರ ಹತ್ತಿರ ವಯಸ್ಸು, ಕುಳಿತರೂ ನಿಂತಂತೆ ಕಾಣುವ ಎತ್ತರ. ಹೆಲ್ಗಸನ್ ಮನೆಯವರೆಲ್ಲ ಐಸ್‌ಲ್ಯಾಂಡಿನಿಂದ ಬಂದವರ ಕುಲ, ತಲೆತಲಾಂತರದಿಂದ ಮೀನು ಹಿಡಿಯುವವರು. ಅತ್ತೆಯೊಬ್ಬರೇ ನೀರಿಗೆ ಬೆನ್ನು ಹಾಕಿ ರಸ್ತೆ ಹಿಡಿದರು. ಮದುವೆಯಾಗಲಿಲ್ಲ, ಶಾಲೆಯ ಬಸ್ಸು ಓಡಿಸಿದರು. ಮಕ್ಕಳನ್ನು ತುಂಬಿಕೊಂಡು ದಿನವೂ ಕೆನಡಾ ದಾಟಿ ಬ್ಲೇನಿಗೆ, ಸಂಜೆ ಮತ್ತೆ ಅದೇ ದಾರಿ. ಒಬ್ಬರ ತಲೆಗೆ ಒಬ್ಬರು ಚೀಲದಿಂದ ಹೊಡೆಯುತ್ತಿದ್ದ ಮಕ್ಕಳು ಗಡಿಯ ತಪಾಸಣೆ ಗೂಡು ಕಂಡ ಕೂಡಲೇ ಇಗರ್ಜಿಯಲ್ಲಿ ಕೂತವರಂತೆ ಕೂರುತ್ತಿದ್ದರಂತೆ. ಗೂಡು ದಾಟಿದ ಮೇಲೆ ಹೊಡೆದಾಟ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು.

ಬಸ್ಸು ಬಿಟ್ಟ ಮೇಲೆ ಅವರು ತಮ್ಮ ಹಳೆಯ ಉದ್ದನೆಯ ಕಾರಿನಲ್ಲಿ ಊರಿನವರನ್ನು ಡಾಕ್ಟರ ಬಳಿ ಕರೆದೊಯ್ಯತೊಡಗಿದರು. ಬಸುರಿಯರನ್ನಂತೂ ಬೇರೆಯವರ ಕಾರಿಗೆ ಹತ್ತಲು ಬಿಡುತ್ತಿರಲಿಲ್ಲ. ಒಂಬತ್ತು ತುಂಬುವ ಮೊದಲೇ ಒಮ್ಮೆ ಆಸ್ಪತ್ರೆಯ ತನಕ ಕರೆದೊಯ್ದು ಕರೆತಂದು, ದಾರಿಯನ್ನು ಹೊಟ್ಟೆಯಲ್ಲಿರುವ ಮಗುವಿಗೂ ಪರಿಚಯ ಮಾಡಿಸಿದಂತೆ ಮಾಡುತ್ತಿದ್ದರು. ಕಾರು ಸದಾ ಒಂದೇ ವೇಗದಲ್ಲಿ ಹೋಗುತ್ತಿತ್ತು. ಆ ಆಲೂಗಡ್ಡೆ ಹೊಲ ಬಂದಾಗ ಮಾತ್ರ ಸ್ವಲ್ಪ ಜೋರಾಗುತ್ತಿತ್ತು.

ಗಡಿಯಲ್ಲಿ ಅವರ ನಿಯಮ ಇಷ್ಟೇ: ಕೇಳಿದ್ದಕ್ಕೆ ಉತ್ತರ ಹೇಳು, ಕೇಳದ್ದನ್ನು ಹೇಳಬೇಡ, ಸುಳ್ಳು ಬೇಡವೇ ಬೇಡ. ಮೊದಲ ಸಲ ನನ್ನನ್ನು ಕರೆದೊಯ್ದಾಗ ಅಧಿಕಾರಿ ನನ್ನ ಹೆಸರು ಕೇಳಿದ. ನನಗೆ ಹೆದರಿಕೆಯಾದರೆ ಮಾತು ಹೆಚ್ಚು. ಹೆಸರು ಹೇಳಿ, ಅದರ ಜೊತೆಗೆ, ಗಡಿಯಾಚೆ ಒಯ್ಯಬಾರದ ಕಿತ್ತಳೆ ಹಣ್ಣು ನಮ್ಮ ಹತ್ತಿರ ಖಂಡಿತ ಇಲ್ಲ ಎಂದೂ ಹೇಳಿದೆ. ಅವನು ಕಿತ್ತಳೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿಸಿ ಸೀಟಿನ ಅಡಿಯವರೆಗೂ ಹುಡುಕಿದರು. ಕಿತ್ತಳೆ ಸಿಗಲಿಲ್ಲ.

"ನಿನ್ನ ಬಾಯಿಗೂ ಒಂದು ಗೇಟು ಹಾಕಿಸ್ಬೇಕು ಕಣೆ ಕೊರಿನ್," ಎಂದರು ಅತ್ತೆ, ದಾರಿಯಿಂದ ಕಣ್ಣು ತೆಗೆಯದೆ.

ಅಲ್ಲಿಯವರೆಗೆ ಅವರು ಗಡಿ ದಾಟುತ್ತಿದ್ದುದು ಸಾದಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಬಾಯಲ್ಲಿ ಹೇಳಿ. ನಾನು ಬಸುರಿಯಾಗಿದ್ದಾಗ ಹೊಸ ಕಾನೂನು ಬಂತು. ಜೂನ್ ತಿಂಗಳಿಂದ ಅಮೆರಿಕದೊಳಗೆ ಬರುವವರು ಬಾಯಲ್ಲಿ ಹೇಳಿದರೆ ಸಾಲದು, ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ನಾನು ಈ ದೇಶದವನೇ ಎಂದು ಸಾಬೀತು ಮಾಡಿ ಪಡೆದ ಹೊಸ ಬಗೆಯ ಲೈಸೆನ್ಸ್ ಇರಬೇಕು. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿತ್ತು. ನಮ್ಮೂರವರು ಗಡಿ ಕಾರ್ಡು ಎಂದು ಕರೆದು ಸುಮ್ಮನಾದರು. ಕಾರ್ಡು ಬೇಕಾದವರು ಬ್ಲೇನ್ ಕಡೆಯ ಲೈಸೆನ್ಸ್ ಕಚೇರಿಗೆ ಹೋಗಿ ಎದುರು ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಗಡಿ ದಾಟುವ ಕಾರ್ಡು ತರಲು ಗಡಿ ದಾಟಬೇಕು. ಇದಕ್ಕೆ ಊರಲ್ಲಿ ಯಾರೂ ನಗಲಿಲ್ಲ.

ನನಗೆ ದಿನ ತುಂಬುವುದು ಜೂನ್ ನಡುವೆ ಎಂದು ಡಾಕ್ಟರು ಹೇಳಿದ್ದರು. ಆರ್ನಿ ಮೇ ಕೊನೆಗೆ ಸಾಲ್ಮನ್ ಮೀನಿಗೆ ಅಲಾಸ್ಕಾಕ್ಕೆ ಹೋಗುವವನು. ಮೀನು ನನ್ನ ಹೆರಿಗೆಗೆ ಕಾಯುವುದಿಲ್ಲ ಎಂದು ಅವನು ಮೆತ್ತಗೆ ತಿಳಿಸಿದ. ಊರಲ್ಲಿ ಬೇರೆ ಕಾರುಗಳು ಇರಲಿಲ್ಲವೆಂದಲ್ಲ, ಆಂಬುಲೆನ್ಸೂ ಇತ್ತು. ಆದರೆ ಆಂಬುಲೆನ್ಸಿನ ಹುಡುಗರಿಗೆ ನನಗಿಂತ ಚಿಕ್ಕ ವಯಸ್ಸು, ಪಕ್ಕದ ಮನೆಯವನು ಮೀನಿನ ರಕ್ತ ಬಿಟ್ಟು ಬೇರೆ ರಕ್ತ ನೋಡಿದರೆ ಬೀಳುತ್ತಾನೆ. ನನಗೆ ಅತ್ತೆಯೇ ಬೇಕಿತ್ತು. ಜೂನ್ ಹೊತ್ತಿಗೆ ಅತ್ತೆಯ ಕೈಯಲ್ಲಿ ಕಾರ್ಡು ಇರಬೇಕಿತ್ತು.

ಏಪ್ರಿಲ್‌ನಲ್ಲಿ ಇಬ್ಬರೂ ಕಚೇರಿಗೆ ಹೋದೆವು. ಡ್ರೈವಿಂಗ್ ಬಾರದವರಿಗೂ ಅಂಥದೇ ಒಂದು ಗುರುತಿನ ಕಾರ್ಡು ಇತ್ತು, ನನ್ನದು ಬೇಗ ಮುಗಿಯಿತು. ಅತ್ತೆಯ ಸರದಿ ಬಂತು. ನೆಗಡಿಯಾಗಿದ್ದ ಒಬ್ಬ ಯುವಕ ಕೂತಿದ್ದ. ಅತ್ತೆ ಗಡಿಯ ಗೂಡಿನ ಮುಂದೆ ಮಾಡುವಂತೆಯೇ ಕನ್ನಡಕ ತೆಗೆದು, ಎರಡೂ ಕೈಗಳನ್ನು ಅವನಿಗೆ ಕಾಣುವಂತೆ ಮೇಜಿನ ಮೇಲಿಟ್ಟರು. ಇವತ್ತು ಏನು ಬಂದಿರಿ ಎಂದು ಅವನು ಕೇಳಿದ. ಎರಡು ಗಂಟೆ ಇದ್ದು ವಾಪಸು ಹೋಗುತ್ತೇವೆ ಎಂದರು ಅತ್ತೆ. ಅವನು ಸ್ವಲ್ಪ ಹೊತ್ತು ನೋಡಿ, ಜನನ ಪತ್ರ ತೆಗೆದುಕೊಂಡ.

ಆ ಪತ್ರದಲ್ಲಿ ಹುಟ್ಟಿದ ಊರು ಬ್ಲೇನ್ ಎಂದಿತ್ತು. ಹೊಲದ ಪಕ್ಕ ಮಗು ಹುಟ್ಟಿದ ಮೇಲೆ ಅವರ ಅಪ್ಪ ಟ್ರಕ್ಕನ್ನು ನೇರ ಬ್ಲೇನಿಗೆ ಓಡಿಸಿದ್ದರು. ಅಲ್ಲಿ ಹೊಕ್ಕುಳಬಳ್ಳಿ ಕತ್ತರಿಸಿದ ಡಾಕ್ಟರು ಬ್ಲೇನ್ ಎಂದೇ ಬರೆದರು. ಊರಿನವರಿಗೆಲ್ಲ ಈ ಕತೆ ಗೊತ್ತು. ರೂನಾ ಸುಂಕ ಕಟ್ಟದೆ ಒಳಗೆ ಬಂದ ಸರಕು ಎಂದು ಹಾಸ್ಯ ಮಾಡುತ್ತಿದ್ದರು. ಈಗ ಆ ಯುವಕ ಪತ್ರ ನೋಡುತ್ತಲೇ, ಸುಮ್ಮನೆ ಪದ್ಧತಿಗೆಂದು, ಕೇಳಿದ.

"ಹುಟ್ಟಿದ್ದು ಎಲ್ಲಿ?"

"ಲ್ಯಾಡ್ನರ್ ದಾಟಿದ ಮೇಲೆ ಆಲೂಗಡ್ಡೆ ಹೊಲ ಸಿಗುತ್ತಲ್ಲ, ಅದರ ಪಕ್ಕ."

"ಇದರಲ್ಲಿ ಬ್ಲೇನ್ ಅಂತಿದೆ."

"ಬರೆದಿದ್ದು ಬ್ಲೇನಲ್ಲಿ. ಹುಟ್ಟಿದ್ದು ಹೊಲದ ಹತ್ರ."

ಲ್ಯಾಡ್ನರ್ ಕೆನಡಾದಲ್ಲಿದೆ ಎಂಬುದು ಆ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ಯುವಕ ಒಳ್ಳೆಯವನು. ಮೂಗು ಒರೆಸಿಕೊಂಡು, ದನಿ ತಗ್ಗಿಸಿದ.

"ಅಮ್ಮಾ, ಇನ್ನೊಂದ್ಸಲ ಕೇಳ್ತೀನಿ. ನಿಧಾನಕ್ಕೆ ಯೋಚನೆ ಮಾಡಿ ಹೇಳಿ. ಎಲ್ಲಿ ಹುಟ್ಟಿದ್ದು?"

ಯೋಚನೆ ಮಾಡಿ ಎಂದಿದ್ದರಿಂದ ಅತ್ತೆ ಯೋಚನೆ ಮಾಡಿದರು.

"ಹೊಲದ ಎಡಗಡೆ," ಎಂದರು.

ಅವನು ಮೇಲಧಿಕಾರಿಯನ್ನು ಕರೆದ. ಆಕೆ ಬಂದು ಎಲ್ಲವನ್ನೂ ಕೇಳಿಸಿಕೊಂಡರು. ತಂದೆ ತಾಯಿ ಇಬ್ಬರೂ ಅಮೆರಿಕದವರೇ ಆದ್ದರಿಂದ ನೀವೂ ಅಮೆರಿಕದವರೇ, ಅದರಲ್ಲಿ ಅನುಮಾನವಿಲ್ಲ ಎಂದರು. ಆದರೆ ಹೊರಗೆ ಹುಟ್ಟಿದವರು ಎಂದು ನೀವೇ ಹೇಳಿದ ಮೇಲೆ ಈ ಪತ್ರ ನಡೆಯುವುದಿಲ್ಲ, ಕೇಂದ್ರ ಸರ್ಕಾರದಿಂದ ಪೌರತ್ವದ ಪತ್ರ ತನ್ನಿ ಎಂದರು. ಎಷ್ಟು ದಿನವಾಗುತ್ತದೆ ಎಂದು ನಾನು ಕೇಳಿದೆ. ನನ್ನ ಹೊಟ್ಟೆ ನೋಡಿ ಆಕೆ, ಅದಕ್ಕಿಂತ ತಡ ಎಂದರು.

ವಾಪಸು ಬರುವಾಗ ನಾನು ಅಳುತ್ತ, ಬ್ಲೇನ್ ಎಂದು ಒಂದು ಮಾತು ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಹೊಲ ಬಂತು, ಕಾರು ಸ್ವಲ್ಪ ಜೋರಾಯಿತು, ಹೊಲ ಹೋಯಿತು.

"ನಮ್ಮಮ್ಮ ಅಲ್ಲಿ ಒದ್ದಾಡಿದ್ದಾಳೆ ಕಣೆ. ಬ್ಲೇನ್ ಅಂದ್ರೆ ಅದು ಆಗ್ಲೇ ಇಲ್ಲ ಅಂದಂಗೆ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅತ್ತೆ ಅರ್ಜಿ ಹಾಕಿದರು. ಊರಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಇನ್ನೊಂದು ಕಚೇರಿಗೆ ಹೋಗಿ ಬ್ಲೇನ್ ಎಂದುಬಿಡಿ ಎಂದರು ಕೆಲವರು. ಈ ವಯಸ್ಸಿಗೆ ಒಬ್ಬ ಕೆನಡಾದವನನ್ನು ಕಟ್ಟಿಕೊಂಡು ಆಚೆಯೇ ಇದ್ದುಬಿಡಿ ಎಂದ ಅಂಗಡಿಯವನು. ನಾನು ರಾತ್ರಿಯೆಲ್ಲ ಪುಸ್ತಕ ಓದಿ, ಮನೆಯಲ್ಲೇ ಹೆರುವುದರಲ್ಲಿ ಏನೇನು ಅಪಾಯವಿದೆ ಎಂದು ಬೆಳಿಗ್ಗೆ ಆರ್ನಿಗೆ ಹೇಳುತ್ತಿದ್ದೆ. ಅವನು ಬಲೆ ಹೊಲಿಯುತ್ತ ಹೂಂ ಎನ್ನುತ್ತಿದ್ದ.

ಮೇ ತಿಂಗಳ ಒಂದು ಸಂಜೆ ಅತ್ತೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಒಣಗಿಸಿದ ಪ್ಲಮ್ ಹಣ್ಣಿನ ಪಾಕವನ್ನು ಪದರ ಪದರವಾಗಿ ಹಚ್ಚಿದ ಕೇಕಿನ ತುಂಡೊಂದನ್ನು ಪೂರ್ತಿ ತಿಂದು ಮುಗಿಸಿ, ಆರ್ನಿಯನ್ನು ಕೇಳಿದರು.

"ನೀರಿನ ಮೇಲೆ ಕೆನಡಾದ ಗೆರೆ ದಾಟದೆ ಬ್ಲೇನಿಗೆ ಹೋದ್ರೆ ಯಾರೂ ಕಾರ್ಡು ಕೇಳಲ್ಲ ಅಲ್ವೇನೋ?"

"ದಾಟದಿದ್ರೆ ಯಾಕೆ ಕೇಳ್ತಾರೆ ಅತ್ತೆ. ಆದ್ರೆ ನಿಮಗೆ ದೋಣಿ ಅಂದ್ರೆ ವಾಂತಿ."

"ಆ ಸಣ್ಣ ದೋಣಿ ಕೀ ಕೊಡು."

ಸಮುದ್ರದ ಪಕ್ಕದಲ್ಲೇ ಇದ್ದರೂ, ಹುಡುಗಿಯಾಗಿದ್ದಾಗ ಒಮ್ಮೆ ವಾಂತಿಯಾದ ಮೇಲೆ ಅವರು ದೋಣಿಗೆ ಕಾಲಿಟ್ಟಿರಲಿಲ್ಲ. ಆರ್ನಿ ಏಡಿ ಹಿಡಿಯುವ ತನ್ನ ಸಣ್ಣ ಮೋಟಾರು ದೋಣಿಯಲ್ಲಿ ಅವರಿಗೆ ಕಲಿಸಿದ. ಅತ್ತೆ ದೋಣಿಯನ್ನು ಬಸ್ಸಿನಂತೆ ಓಡಿಸಿದರು. ಹೊರಡುವ ಮೊದಲು ಎರಡೂ ಕಡೆ ನೋಡುವರು, ತಿರುಗುವಾಗ ಕೈ ತೋರಿಸುವರು, ಎದುರು ದೋಣಿ ಬಂದರೆ ಬಲಕ್ಕೆ ಸರಿದು ನಿಲ್ಲುವರು. ಮೊದಲ ವಾರ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ವಾಂತಿ ಮಾಡಿದರು. ಆಮೇಲೆ ಹೋಗುವಾಗ ಮಾತ್ರ. ನನ್ನನ್ನೂ ಒಮ್ಮೆ ಕರೆದೊಯ್ದು ಕರೆತಂದರು. ನಾನು ತೇಲುವ ಅಂಗಿ ಎರಡು ಹಾಕಿಕೊಂಡು, ಏಡಿಯ ಪೆಟ್ಟಿಗೆಯ ಮೇಲೆ ಕೂತಿದ್ದೆ. ಗಾಳಿ ಎದ್ದರೆ ಏನು ಗತಿ ಎಂದು ಕೇಳಿದೆ.

"ಗಾಳಿ ಎದ್ರೆ, ಅದು ಇಳಿಯೋವರೆಗೂ ನೀನು ಹೆರಬೇಡ," ಎಂದರು.

ಆರ್ನಿ ಅಲಾಸ್ಕಾಕ್ಕೆ ಹೋದ. ಜೂನ್ ಬಂತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೋವು ಶುರುವಾಯಿತು. ಸಮುದ್ರ ತಟ್ಟೆಯಂತೆ ಶಾಂತವಾಗಿತ್ತು, ಆದರೆ ಮಂಜು ಕವಿದಿತ್ತು. ಅತ್ತೆ ದಡದಲ್ಲಿ ನಿಂತು, ರಸ್ತೆಯಲ್ಲಿ ಮಂಜಿದ್ದಾಗ ಬಸ್ಸು ನಿಲ್ಲಿಸಿ ಕಾಯುತ್ತಿದ್ದಂತೆ, ಕಾದರು. ನಾನು ಕಾಯುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಹೇಳಿದೆ. ಮಂಜು ಸ್ವಲ್ಪ ತೆಳುವಾಗಿ ಆಚೆಯ ದಡ ಕಂಡಾಗ ಎರಡೂ ಕಡೆ ನೋಡಿ ಹೊರಟರು.

ನೀರಿನಡಿಯ ಏಡಿ ಬೋನುಗಳ ಗುರುತಿಗೆ ಮೇಲೆ ತೇಲುವ ಕೆಂಪು ಚೆಂಡುಗಳ ಹಗ್ಗ ಮೋಟಾರಿಗೆ ಸಿಕ್ಕಿದರೆ ದೋಣಿ ನಿಂತುಬಿಡುತ್ತದೆ. ಕೆಂಪು ಕಂಡರೆ ಕೂಗು ಎಂದು ನನಗೆ ಕೆಲಸ ಹಚ್ಚಿದರು. ನಾನು ಕೆಂಪು ಕಂಡಾಗಲೂ ಕೂಗಿದೆ, ಕಾಣದಾಗಲೂ ಕೂಗಿದೆ. ಯಾವ ಕೂಗಿಗೆ ತಿರುಗಿಸಬೇಕು ಯಾವುದಕ್ಕೆ ಬೇಡ ಎಂಬುದು ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ನಡುವೆ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದೇ ಬದಿಗೆ ಬಾಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಇನ್ನೇನು ಬಂತು ಎಂದರು. ಬ್ಲೇನಿನ ದೋಣಿಕಟ್ಟೆ ಬಂತು. ಅತ್ತೆ ಇಂಜಿನ್ ಆರಿಸಿ, ಕೀ ತೆಗೆದು ಜೇಬಿಗಿಟ್ಟು, ನನ್ನನ್ನು ತೋಳು ಹಿಡಿದು ಮೇಲೆ ಹತ್ತಿಸಿದರು. ಮೊದಲೇ ಹೇಳಿಟ್ಟಿದ್ದ ಟ್ಯಾಕ್ಸಿ ಕಾಯುತ್ತಿತ್ತು.

ಮಗಳು ಆ ಮಧ್ಯಾಹ್ನ ಬೆಲಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ, ಮಂಚದ ಮೇಲೆ, ಡಾಕ್ಟರ ಎದುರಿಗೆ ಹುಟ್ಟಿದಳು. ಅತ್ತೆ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದರು. ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ತಿರುಗಿದಾಗ, ಇದಕ್ಕೆ ಕಿವಿ ನಮ್ಮ ಕಡೆಯದು ಎಂದರು.

ಮರುದಿನ, ದೋಣಿಯ ನಂಬರು ಹಿಡಿದು ನಮ್ಮನ್ನು ಪತ್ತೆ ಮಾಡಿದ ಕೆನಡಾದ ಅಧಿಕಾರಿಯೊಬ್ಬನ ಫೋನ್ ಆಸ್ಪತ್ರೆಗೆ ಬಂತು. ಆಚೆ ಕೆನಡಾದ ವೈಟ್ ರಾಕ್ ಊರಿನ ದಡಕ್ಕೆ, ಯಾರೂ ಇಲ್ಲದ ಒಂದು ಏಡಿ ದೋಣಿ ತೇಲಿ ಬಂದಿತ್ತು. ಒಳಗೆ ತೇಲುವ ಅಂಗಿ ಎರಡು ಬಿದ್ದಿದ್ದವು. ಇಬ್ಬರು ಮುಳುಗಿದ್ದಾರೆಂದು ಹಿಂದಿನ ಸಂಜೆಯಿಂದ ಹುಡುಕಿದ್ದರಂತೆ. ಮುಳುಗಿಲ್ಲ, ಒಬ್ಬರು ಹೆಚ್ಚಾಗಿದ್ದೇವೆ ಎಂದರು ಅತ್ತೆ. ದೋಣಿಯನ್ನು ಕಟ್ಟಿರಲಿಲ್ಲವೇ ಎಂದು ಆ ಅಧಿಕಾರಿ ಕೇಳಿರಬೇಕು.

"ಕೀ ತಗೊಂಡಿದ್ದೆನಲ್ಲ," ಎಂದರು ಅತ್ತೆ.

ಬಂದು ಒಯ್ಯಿರಿ ಎಂದನಂತೆ ಅವನು. ಬರಬಹುದು, ಆದರೆ ಬಂದರೆ ಅಮೆರಿಕದವರು ವಾಪಸು ಬಿಡುವುದಿಲ್ಲ ಎಂದು ಅತ್ತೆ ವಿವರಿಸಿದರು. ಹೀಗಾಗಿ ತಿಂಗಳುಗಟ್ಟಲೆ ಆರ್ನಿಯ ದೋಣಿ ಕೆನಡಾದಲ್ಲಿ ಉಳಿಯಿತು. ಅತ್ತೆ ನಮ್ಮೂರಿನ ಏಡಿಯವರ ದೋಣಿಯಲ್ಲಿ, ಬಲೆಯ ಮೇಲೆ ಕಣ್ಣು ಮುಚ್ಚಿ ಮಲಗಿ ಮನೆಗೆ ಬಂದರು. ನನ್ನನ್ನೂ ಮಗುವನ್ನೂ ಸಿಯಾಟಲ್‌ನಿಂದ ಬಂದ ನನ್ನಮ್ಮ ರಸ್ತೆಯಲ್ಲಿ ಕರೆತಂದರು. ಅಲ್ಲಿಂದ ಮುಂದೆ ನಾಲ್ಕೈದು ತಿಂಗಳು ಅತ್ತೆಯ ಕಾರು ಅಂಗಡಿಗೂ ಇಗರ್ಜಿಗೂ ಮಾತ್ರ ಓಡಿತು. ಓಡಿಸಲು ರಸ್ತೆ ಸಾಲದೆ, ಸಂಜೆ ಹೊತ್ತು ಊರನ್ನು ಎರಡು ಸುತ್ತು ಹಾಕಿ ಬರುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರೆ ಕೈ ತೋರಿಸಿ ಹೋಗುತ್ತಿದ್ದರು, ನಿಲ್ಲಿಸುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಪತ್ರ ಬಂತು. ಅದರಲ್ಲಿ ಹುಟ್ಟಿದ ದೇಶ ಕೆನಡಾ, ಪೌರತ್ವ ಅಮೆರಿಕ ಎಂದಿತ್ತು. ಅಲಾಸ್ಕಾದಿಂದ ವಾಪಸಾಗಿದ್ದ ಆರ್ನಿ ಅವರನ್ನು ಏಡಿಯವರ ದೋಣಿ ಕೇಳಿ ಪಡೆದು ನೀರಿನ ದಾರಿಯಲ್ಲೇ ಕಚೇರಿಗೆ ಕರೆದೊಯ್ದ. ಅದೇ ಯುವಕ ಕೂತಿದ್ದನಂತೆ, ನೆಗಡಿ ವಾಸಿಯಾಗಿತ್ತಂತೆ. ಎಲ್ಲಿ ಹುಟ್ಟಿದ್ದು ಎಂದು ಕೇಳಲಿಲ್ಲವಂತೆ. ಕೆಲವು ವಾರದಲ್ಲಿ ಕಾರ್ಡು ಅಂಚೆಯಲ್ಲಿ ಬಂತು. ಫೋಟೋದಲ್ಲಿ ಅತ್ತೆ ಕ್ಯಾಮೆರಾಕ್ಕೇ ಏನೋ ಅನುಮಾನವಿದೆ ಎಂಬಂತೆ ನೋಡುತ್ತಿದ್ದರು.

ಕಾರ್ಡು ಹಿಡಿದು ಆರ್ನಿಯ ಜೊತೆ ಮೊದಲು ಹೋದದ್ದು ದೋಣಿ ತರಲು; ಕಳೆದವಳು ನಾನು, ತರುವವಳೂ ನಾನೇ ಎಂದು ಅಲ್ಲಿಯವರೆಗೆ ಅವನೊಬ್ಬನನ್ನೇ ಹೋಗಲು ಬಿಟ್ಟಿರಲಿಲ್ಲ. ಆರ್ನಿ ದೋಣಿ ಹತ್ತಿ ನೀರಿನ ದಾರಿಯಲ್ಲಿ ಹೊರಟ. ಅತ್ತೆ ರಸ್ತೆಯಲ್ಲಿ ಬಂದರು, ಒಬ್ಬರೇ, ಸಾವಕಾಶವಾಗಿ, ಸಂಜೆಯ ಹೊತ್ತಿಗೆ. ಮರುವಾರವೇ ಅಂಗಡಿಯವನ ಸೊಸೆ, ಏಳು ತಿಂಗಳ ಬಸುರಿ, ಅವರ ಬಾಗಿಲಿಗೆ ಬಂದಳು. ರಸ್ತೆಯಲ್ಲೋ ನೀರಿನಲ್ಲೋ ಎಂದು ಅತ್ತೆ ಕೇಳಿದರು. ರಸ್ತೆಯಲ್ಲಿ ಎಂದಳು ಅವಳು. ಅತ್ತೆ ಕೋಟು ಹಾಕಿಕೊಂಡು ಕಾರಿಗೆ ಪೆಟ್ರೋಲ್ ಹಾಕಿಸಲು ಹೊರಟರು.