ನಡೆಯದ ಕಾಲಿಗೆ ಹಂಚಿದ ಕಜ್ಜಾಯ

ಮಾಗಡಿ ಹತ್ತಿರದ ಕಲ್ಯ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮಗುವಾದರೂ ಅದು ಇಡೀ ಬೀದಿಯ ಹೊಟ್ಟೆಗೆ ಸೇರಿದ್ದು. ಅಂಬೆಗಾಲಿಟ್ಟರೆ ಅಂಬೊಡೆ, ಹೊಸ್ತಿಲು ದಾಟಿದರೆ ಒಬ್ಬಟ್ಟು, ಮೊದಲ ಹೆಜ್ಜೆ ಹಾಕಿದರೆ ಕಜ್ಜಾಯ ಮಾಡಿ ಮನೆಮನೆಗೂ ಹಂಚಬೇಕು. ನನ್ನ ಮೊಮ್ಮಗಳಿಗೆ ಒಂದೂವರೆ ವರ್ಷವಾದರೂ ಕಜ್ಜಾಯ ಬರಲಿಲ್ಲವೆಂದು ಬೀದಿಗೆ ಬೀದಿಯೇ ತುಟಿ ಸವರಿಕೊಂಡು ಕಾಯುತ್ತಿತ್ತು.

ಅವಳು ಏಳನೇ ತಿಂಗಳಿಗೇ ಹುಟ್ಟಿದವಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ತಿಂಗಳು ಮಲಗಿದ್ದು ಮನೆಗೆ ಬಂದಳು. ನನ್ನ ಮಗಳು ಅವಳನ್ನು ಎತ್ತಿಕೊಂಡು ವಾರಕ್ಕೊಮ್ಮೆ ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಫಿಸಿಯೋಥೆರಪಿಗೆ ಹೋಗುತ್ತಿದ್ದಳು. ಅಲ್ಲಿನ ಹುಡುಗಿ ಮೊದಲೇ ಹೇಳಿ ಕಳಿಸಿದ್ದಳು: "ಇವಳ ವಯಸ್ಸಲ್ಲಿ ಹತ್ತಿರ ಹತ್ತಿರ ಮೂರು ತಿಂಗಳು ಕಳೆದು ಲೆಕ್ಕ ಹಾಕಿ. ವಾಕರ್‌ನಲ್ಲಿ ಕೂರಿಸಬೇಡಿ. ತುದಿಗಾಲಲ್ಲಿ ನಿಲ್ತಾಳೆ, ಹಿಮ್ಮಡಿ ಊರೋದು ಕಲೀಲಿ." ಕಳೆಯುವ ಲೆಕ್ಕ ನಮ್ಮ ಬೀದಿಯವರ ತಲೆಗೆಲ್ಲಿ ಹೋಗಬೇಕು?

ಎದುರು ಮನೆಯವಳಿಗೆ ಬೆಳಗಾಗುತ್ತಿದ್ದುದೇ ನಮ್ಮನ್ನು ವಿಚಾರಿಸಲು.

"ಏನಮ್ಮಿ, ನಡುದ್ಲಾ ನಿನ್ ಮೊಮ್ಮಗ್ಳು? ನಮ್ ಹುಡ್ಗ ಹನ್ನೊಂದ್ ತಿಂಗ್ಳಿಗೇ ಬೀದಿಗ್ ಬಂದಿದ್ದ."

"ಇವತ್ತಿಗೂ ಬೀದೀಲೇ ಅವ್ನೆ ಬುಡು," ಎಂದೆ.

ಅವಳಿಗೆ ಅದು ತಾಗಿತು. ಮಾರನೇ ದಿನ ನನ್ನ ಮಗಳಿಗೆ ಕೇಳಿಸುವಂತೆಯೇ ಅಂದಳು: "ವಾರ್ವಾರ ಬಸ್ಸತ್ತುಸ್ತೀರ. ಬಸ್ಸಿರೋವಾಗ ಅವ್ಳ್ಯಾಕ್ ನಡ್ದಾಳು?" ಮಗಳು ಅಂದಿನಿಂದ ಜಗಲಿಗೆ ಬರುವುದನ್ನೇ ಬಿಟ್ಟಳು.

ನನಗೆ ರೋಸಿಹೋಯಿತು. ಈ ಹೊಟ್ಟೆಬಾಕರ ಮುಖಕ್ಕೆ ಕಜ್ಜಾಯ ಎಸೆದು ಮುಗಿಸಿಬಿಡೋಣವೆಂದು ಅಕ್ಕಿ ನೆನೆಹಾಕಿ ಕುಟ್ಟಿದೆ, ಬೆಲ್ಲದ ಪಾಕ ಹಿಡಿದೆ, ಹಿಟ್ಟನ್ನು ಮೂರು ದಿನ ಹದಕ್ಕೆ ಮುಚ್ಚಿಟ್ಟೆ. ಮಗಳು ಕೇಳಿದ್ದಕ್ಕೆ, "ವಯಸ್ಸಾಯ್ತು, ನಾಲ್ಗೆ ಚಪಲ," ಎಂದೆ. ಅವಳು ಮಗುವಿನೊಂದಿಗೆ ಮಾಗಡಿಯ ಬಸ್ಸು ಹತ್ತಿದ ಮೇಲೆ ಬಾಣಲೆ ಇಟ್ಟು ಕರಿದು, ತಟ್ಟೆ ಹಿಡಿದು ಹೊರಟೆ.

"ಇವತ್ ಬೆಳಿಗ್ಗೆ ನಾಕ್ ಹೆಜ್ಜೆ ಹಾಕ್ಬುಟ್ಲು ಕಣ್ರೇ!"

ಎದುರು ಮನೆಯವಳು ಒಂದು ತುಂಡು ಮುರಿದು ನಿಧಾನವಾಗಿ ಅಗಿದಳು. "ಹಿಟ್ಟು ಎಷ್ಟ್ ಚೆಂದಾಗ್ ಹದ ಬಂದೈತೆ!"

"ಬರ್ದೆ ಏನು? ಮೂರ್ ದಿನ ಇಟ್ಟಿದ್ದೆ," ಎಂದು ಉಬ್ಬಿದೆ.

"ಮಗು ನಡ್ದಿದ್ದು ಇವತ್ ಬೆಳಿಗ್ಗೆ. ಮೂರ್ ದಿನದ್ ಹಿಂದೆ ನಿಂಗ್ಯಾವ್ ದೇವ್ರು ಬಂದ್ ಹೇಳ್ತು?"

ಬುದ್ಧಿಗೇಡಿ ನಾನು! ಸುಳ್ಳು ಹೇಳುವವಳು ಉಪ್ಪಿಟ್ಟು ಹಂಚಬೇಕಿತ್ತು.

ಸಂಜೆ ಮಗಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಐದಾರು ಹೆಂಗಸರು ನಮ್ಮ ಜಗಲಿ ಹಿಡಿದಿದ್ದರು. ಒಬ್ಬಿಬ್ಬರು ಇನ್ನೂ ತಿನ್ನುತ್ತಲೇ ಇದ್ದರು.

"ಇಳ್ಸವ್ವ, ಒಸಿ ನಡ್ಗೆ ನೋಡಾಣ," ಎಂದಳು ಎದುರು ಮನೆಯವಳು.

ಮಗಳು ಕಜ್ಜಾಯ ನೋಡಿದಳು, ನನ್ನನ್ನು ನೋಡಿದಳು. ಮಗುವನ್ನು ನೆಲಕ್ಕೆ ಬಿಟ್ಟಳು. ಅದು ಅಂಬೆಗಾಲಲ್ಲಿ ಸರಸರ ಒಳಗೆ ಹೋಯಿತು.

"ನನ್ ಮಗ್ಳು ಇನ್ನೂ ನಡ್ದಿಲ್ಲ. ಅವ್ಳಿಗ್ ಆದಾಗ ನಡೀತಾಳೆ. ತಿಂದಾಗಿದ್ರೆ ಹೊಂಡ್ರಿ."

ಅವರೆಲ್ಲ ಸೆರಗು ಕೊಡವಿಕೊಂಡು ಎದ್ದರು. ಮಗಳು ಒಳಗೆ ಬಂದು ನನ್ನನ್ನು ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ವಾಸಿಯಿತ್ತು.

"ಅವ್ರ್ ಆಡ್ಕೊಂಡಿದ್ದ ತಡ್ಕೊಂಡಿದ್ದೆ ಕಣವ್ವ. ಇವ್ಳ್ ಹಿಂಗವ್ಳೆ ಅಂತ ನಿಂಗೇ ನಾಚ್ಕೆ ಅಂತ ಇವತ್ ಗೊತ್ತಾಯ್ತು."

ಫೋನಿನಲ್ಲಿ ಇದನ್ನೆಲ್ಲ ಬರೆಯುತ್ತಾ ಅವಳ ಆ ಮಾತಿಗೆ ಬಂದಾಗ ಈಗಲೂ ಬೆರಳು ತಡೆಯುತ್ತದೆ.

ಮುಂದಿನ ವಾರದಿಂದ ನಾನೂ ಬಸ್ಸು ಹತ್ತಿದೆ. ಗಿಡ್ಡ ಸ್ಟೂಲಿನಿಂದ ಎಬ್ಬಿಸಿ ನಿಲ್ಲಿಸುವುದು, ಹಿಮ್ಮಡಿ ಮೇಲೇಳದಂತೆ ಪಾದ ಹಿಡಿಯುವುದು, ಮಂಚದಂಚು ಹಿಡಿಸಿ ಪಕ್ಕಕ್ಕೆ ಸರಿಸುವುದು, ಎಲ್ಲ ಕಲಿತೆ. ಮೊಮ್ಮಗಳು ನನ್ನ ಕೂದಲು ಜಗ್ಗುತ್ತಾ ಕಲಿಸಿಕೊಂಡಳು.

ಎರಡು ತಿಂಗಳು ಕಳೆದು ಒಂದು ಮಧ್ಯಾಹ್ನ ಅವಳು ಮಂಚ ಹಿಡಿದಿದ್ದ ಕೈ ಬಿಟ್ಟಳು. ಮೂರು ಹೆಜ್ಜೆ ಹಾಕಿ ಅಮ್ಮನ ಮಡಿಲಿಗೆ ಬಿದ್ದಳು. ನಾನು ಕಿರುಚುವ ಮೊದಲೇ ಮಗಳು ಬಾಗಿಲು ಹಾಕಿದಳು. ಅಷ್ಟರಲ್ಲಿ ಎದುರಿನ ಜಗಲಿಯಿಂದ ಕೂಗು ಬಂತು.

"ಏನಮ್ಮಿ, ನಡುದ್ಲಾ?"

ಮಗಳ ಮುಖ ನೋಡಿದೆ. ಬೇಡವೆಂದು ತಲೆಯಾಡಿಸಿದಳು.

"ಇಲ್ಲ ಕಣೇ!" ಎಂದು ಕಿಟಕಿಯಿಂದ ಕೂಗಿದೆ.

ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಂದು ವಾರ ಪೂರ್ತಿ ಆ ನಡಿಗೆಯನ್ನು ನಾವಿಬ್ಬರೇ ನೋಡಿದೆವು.