ಒಂದು ಕಬ್ಬು ಎಳೆದ ತಪ್ಪಿಗೆ

ಕಳೆದ ಗುರುವಾರ ಸಂಜೆ ಒಂದನೇ ತರಗತಿಯ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ಅದೂ ಊರವರೆಲ್ಲರ ಎದುರು. ನನ್ನ ಕಣ್ಣು ನೆಟ್ಟಗಿವೆ, ಕಾಲೂ ಗಟ್ಟಿಯಾಗಿವೆ. ಮತ್ತೇಕೆ ಅಂತೀರಾ? ನನಗೆ ಶಿಕ್ಷೆಯಾಗಿತ್ತು!

ಅಪರಾಧ ಹಿಂದಿನ ದಿನದ್ದು. ಮೂರನೇ ತರಗತಿಯಲ್ಲಿರುವ ಮಗಳು ಶ್ರೇಯಾಳನ್ನು ಕರೆತರಲು ಶಾಲೆಗೆ ಹೋಗಿದ್ದೆ. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾದ ಮೇಲೆ ನಮ್ಮ ಐಗಳಿ ಕಡೆಯ ರಸ್ತೆ ಹೇಗಿರುತ್ತದೆ, ನಿಮಗೆ ಗೊತ್ತೇ ಇದೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ತುಂಬಿ ತುಳುಕುವ ಕಬ್ಬು, ಕಿವಿ ಹರಿಯುವಂಥ ಮರಾಠಿ ಹಾಡು. ಶಾಲೆಯೆದುರಿನ ಹಂಪ್ ಬಳಿ ಗಾಡಿ ನಿಧಾನವಾಯಿತು. ಕಬ್ಬೊಂದು ಮೂಗಿನ ಮುಂದೆಯೇ ತೂಗುತ್ತಿತ್ತು. ಓಡಿಹೋಗಿ ಎಳೆದೇಬಿಟ್ಟೆ. (ನಮ್ಮ ಸೀಮೆಯಲ್ಲಿ ಹುಟ್ಟಿ ಟ್ರೇಲರಿನ ಕಬ್ಬು ಎಳೆಯದವರು ಯಾರಿದ್ದಾರೆ, ಹೇಳಿ?)

ಗೆದ್ದವನಂತೆ ತಿರುಗಿ ನೋಡಿದರೆ ಗೇಟಿನಲ್ಲಿ ಇಡೀ ಮೂರನೇ ತರಗತಿ ನಿಂತಿತ್ತು. ಶ್ರೇಯಾಳ ಕಣ್ಣಲ್ಲಿ ನೀರು.

ಕಾರಣ ದಾರಿಯಲ್ಲಿ ತಿಳಿಯಿತು. ಹೋದ ವರ್ಷ ಇದೇ ಹಂಪ್ ಬಳಿ ಹುಡುಗನೊಬ್ಬ ಕಬ್ಬು ಎಳೆಯಲು ಹೋಗಿ ಬಿದ್ದಿದ್ದ. ಚಕ್ರ ಗೇಣು ದೂರದಲ್ಲಿ ನಿಂತಿತ್ತು. ಈ ಸಲ ಅವರ ಅಕ್ಕೋರು, ಅಂದರೆ ಟೀಚರು, ಬೈಯುವುದು ಬಿಟ್ಟು ನಿಯಮವನ್ನೂ ಶಿಕ್ಷೆಯನ್ನೂ ಮಕ್ಕಳಿಂದಲೇ ಕೇಳಿದ್ದರು.

"ಛಡೀಲೆ ಹೊಡೀರಿ ಅಕ್ಕೋರ," ಅಂದವಂತೆ ಮಕ್ಕಳು. (ಮಕ್ಕಳಷ್ಟು ಕಟುಕರು ಬೇರೆ ಇಲ್ಲ.)

"ಹೊಡದ್ರ ರಸ್ತೆ ದಾಟಾಕ ಬರ್ತೈತೇನು?" ಅಂದರಂತೆ ಅಕ್ಕೋರು. ಕೊನೆಗೆ ತೀರ್ಮಾನವಾದದ್ದು ಹೀಗೆ: ಕಬ್ಬು ಎಳೆದವರಿಗೆ ರಸ್ತೆಯಲ್ಲಿ ನಡೆಯುವ ಬುದ್ಧಿ ಇನ್ನೂ ಬಂದಿಲ್ಲ. ಆದ್ದರಿಂದ ಮರುದಿನ ಒಂದನೇ ತರಗತಿಯವರು ಅವರನ್ನು ಕೈ ಹಿಡಿದು ದಾಟಿಸಬೇಕು. ಮೂರನೇ ತರಗತಿಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಅಂದಿನಿಂದ ಯಾರೂ ಟ್ರೇಲರ್ ಹತ್ತಿರ ಸುಳಿದಿಲ್ಲ. ಅದನ್ನು ನೋಡಿಕೊಳ್ಳುವ ಲೀಡರ್ ನನ್ನ ಮಗಳೇ!

"ಅದು ದೊಡ್ಡವರಿಗಲ್ಲ ಪುಟ್ಟಿ. ಗಾಡಿ ಸಾವಕಾಶ ಹೊಂಟಿತ್ತು," ಅಂದೆ.

"ಎಲ್ಲಾರೂ ಹಂಗ ಅಂತಾರ ಪಪ್ಪಾ. 'ನಿಮ್ಮಪ್ಪಗ ನಡೀತೈತಿ, ನಮಗ್ಯಾಕ ನಡಿಯೂದಿಲ್ಲ' ಅಂತ ನಮ್ಮ ಕ್ಲಾಸಿನವರು ಕೇಳಿದ್ರು. ನಾಳಿಂದ ನನ್ನ ಮಾತ ಯಾರ್ ಕೇಳ್ತಾರ?"

ಆ ಕಬ್ಬನ್ನು ಅವಳು ಮುಟ್ಟಲಿಲ್ಲ. ನಿಜ ಹೇಳುತ್ತೇನೆ, ನನಗೂ ಸಿಹಿ ಹತ್ತಲಿಲ್ಲ.

ಮರುದಿನ ಸಂಜೆ ಅಕ್ಕೋರ ಮುಂದೆ ಹಾಜರಾದೆ. "ಅಯ್ಯ, ನಿಮಗ್ಯಾಕ ಬಿಡ್ರಿ ಸರ್" ಅಂದಾರು ಎಂಬ ಆಸೆ ಒಳಗೊಳಗೇ ಇತ್ತು. ಆ ಹೆಣ್ಣುಮಗಳು ನಕ್ಕು, "ಚಲೋ ಆತ್ರಿ, ನೀವ ಬಂದ್ರಿ. ಪದ್ಮಾ, ಈ ಕಾಕಾರ ಕೈ ಹಿಡಿಯವಾ," ಅಂದರು.

ಪದ್ಮಾ ನನ್ನ ಸೊಂಟದಷ್ಟೂ ಎತ್ತರವಿಲ್ಲ. ಗತ್ತು ಮಾತ್ರ ಟ್ರಾಫಿಕ್ ಪೊಲೀಸರದ್ದು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. "ಓಡಬ್ಯಾಡ್ರಿ ಕಾಕಾ," ಎಂದು ಗದರಿದಳು. ಚಹಾದಂಗಡಿಯಿಂದ ಗೆಳೆಯ ಮಹಾವೀರ, "ಕಣ್ಣಿಗೇನಾತೋ?" ಎಂದು ಕೂಗಿ ಬಿದ್ದು ಬಿದ್ದು ನಕ್ಕ. ನಾನು ಮುಖ ಎತ್ತಲಿಲ್ಲ. ಆದರೆ ಹಿಂದಿನಿಂದ ಶ್ರೇಯಾಳ ದನಿ ಕೇಳಿತು. "ನೋಡಿದ್ರಿಲ್ಲೋ? ನಮ್ಮ ಪಪ್ಪಾಗೂ ಬಿಟ್ಟಿಲ್ಲ!" ಅಷ್ಟು ಹೆಮ್ಮೆಯಿಂದ ಅವಳು ನನ್ನ ಬಗ್ಗೆ ಹಿಂದೆಂದೂ ಹೇಳಿರಲಿಲ್ಲ.

ನಮ್ಮ ದೊಡ್ಡವರ ಶಿಸ್ತು ಗೊತ್ತಲ್ಲ? ಪೊಲೀಸರು ಕಾಣುವವರೆಗೆ ಹೆಲ್ಮೆಟ್ ಟ್ಯಾಂಕಿನ ಮೇಲೆ. ಮನೆಗೆ ಬಂದು ಮಕ್ಕಳಿಗೆ ಉಪದೇಶ.

ಶುಕ್ರವಾರ ಮತ್ತೆ ಶಾಲೆ ಬಿಡುವ ಹೊತ್ತು. ಮಕ್ಕಳು ಸಾಲಾಗಿ ನಿಂತಿದ್ದರು. ಟ್ರ್ಯಾಕ್ಟರ್ ನಿಧಾನವಾಯಿತು. ಮಹಾವೀರ ಚಹಾದ ಕಪ್ ಕೆಳಗಿಟ್ಟು, ಓಡಿಹೋಗಿ ಕಬ್ಬು ಎಳೆದ. ತಿರುಗಿದರೆ ಎದುರಿಗೆ ಪದ್ಮಾ.

"ಕಾಕಾ, ನಾಳೆ ನಿಮ್ಮ ಪಾಳಿ ಐತ್ರಿ."

ನಮ್ಮನ್ನೆಲ್ಲ ದಾಟಿಸಲು ಒಂದನೇ ತರಗತಿಯಲ್ಲಿ ಅಷ್ಟು ಮಕ್ಕಳಿದ್ದಾರೆಯೇ?