ಎಡಕ್ಕೆ ವಾಲುತ್ತಿದ್ದ ದೋಣಿ

ಬೆಳಿಗ್ಗೆಯಿಂದ ನಮ್ಮ ಓಣಿಯಲ್ಲಿ ಡಾಂಬರು ಕಾಯಿಸುತ್ತಿದ್ದಾರೆ. ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ, ಮುದುಕಿ ನಾನೊಬ್ಬಳು ಕಟ್ಟೆಯ ಮೇಲೆ ಕುಳಿತು ಆ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದೇನೆ. ನಗಬೇಡಿ. ಮಲ್ಲಿಗೆಯ ವಾಸನೆಗೆ ತವರು ನೆನಪಾಗುವವರಿದ್ದಾರೆ. ನನಗೆ ಡಾಂಬರಿನ ವಾಸನೆಗೆ ಘೋಡಗೇರಿಯ ಹೊಳೆದಂಡೆ ನೆನಪಾಗಿ ಮೈ ಝುಮ್ಮೆನ್ನುತ್ತದೆ.

ಮಮದಾಪುರದಿಂದ ನಾನು ಆ ಊರಿಗೆ ಸೊಸೆಯಾಗಿ ಹೋದದ್ದು ಸ್ವಾತಂತ್ರ್ಯ ಬಂದು ಏಳೆಂಟು ವರ್ಷಕ್ಕೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ಗಂಡನ ಅಣ್ಣ. ಈ ಭಾವ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಫಿಟ್ಟರ್. ಅವರ ಹೆಂಡತಿ ಕಾಶವ್ವ, ಅಂದರೆ ನನ್ನ ನೆಗೆಣ್ಣಿ, ನಾನು ಬರುವ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆ ಕಷ್ಟವಾಗಿ ದವಾಖಾನೆಗೆಂದು ಹೊಳೆ ದಾಟಿಸುತ್ತಿದ್ದರಂತೆ. ಪೀಪಾಯಿ ಕಟ್ಟಿದ ದೋಣಿಯ ಎಡಬದಿಗೆ ಮಲಗಿದ್ದವಳು ನಡುನೀರಿನಲ್ಲಿ ಹಾಗೆಯೇ ಕಣ್ಣು ಮುಚ್ಚಿದಳು. ಕೂಸೂ ಉಳಿಯಲಿಲ್ಲ.

ನಮ್ಮ ಕಡೆ ಬಸುರಿ ಸತ್ತರೆ ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಸಾಸಿವೆ ಚೆಲ್ಲುತ್ತಿದ್ದರು. ಅವಳು ತಿರುಗಿ ಬರಬೇಕೆಂದರೆ ಒಂದೊಂದೇ ಕಾಳು ಆರಿಸಬೇಕು. ಅಷ್ಟರಲ್ಲಿ ಬೆಳಕು ಹರಿಯುತ್ತದೆ. ಅತ್ತೆಯೂ ಮುಚ್ಚಟೆಯಿಂದ ಚೆಲ್ಲಿದ್ದರು. ಆಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ನನ್ನನ್ನೇ ಕೇಳಿದರು:

"ಆಕಿ ಜೀವಾ ಹೋಗಿದ್ದು ನೀರಾಗ. ನಾ ಕಾಳ ಚೆಲ್ಲಿದ್ದು ಮಣ್ಣಾಗ. ನೀರ ಮ್ಯಾಲ ಎಲ್ಲಿ ಚೆಲ್ಲಲಿ, ಹೇಳವಾ?"

 ನಾನು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದೆ.

ಭಾವನಿಗೆ ಹಿಡಿದ ಹುಚ್ಚು ಬೇರೆ. ದೋಣಿ ಜೋರಾಗಿ ಹೋಗಿದ್ದರೆ ಹೆಂಡತಿ ಉಳಿಯುತ್ತಿದ್ದಳು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಸೂಟಿ ಸಿಕ್ಕರೆ ಹೊಳೆದಂಡೆಯೇ ಮನೆ. ಊರವರ ಆ ದೋಣಿಗೆ ಮೊದಲು ಹಲಗೆಯ ಕೆಳಗೆ ಪೀಪಾಯಿಗಳನ್ನು ಅಡ್ಡಡ್ಡ ಕಟ್ಟಿದ್ದರು. ಅವುಗಳ ಹೊಟ್ಟೆಗೆ ನೀರು ಬಡಿದು ದೋಣಿ ಮುಂದೆ ಸಾಗುತ್ತಲೇ ಇರಲಿಲ್ಲ. ಭಾವ ಅವನ್ನು ಉದ್ದಕ್ಕೆ ತಿರುಗಿಸಿ ಎರಡು ಸಾಲು ಮಾಡಿದರು. ಮುಂದಿನ ಎರಡಕ್ಕೆ ತಗಡಿನ ಚೂಪು ಮೂತಿ ಬೆಸೆದರು. ಸಂದಿಗೆಲ್ಲ ಡಾಂಬರು ಬಳಿದರು. ಭಾರದ ಹಲಗೆ ಕಿತ್ತು ಬಿದಿರಿನ ತಟ್ಟಿ ಹಾಸಿದರು. ಅತ್ತೆಯ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಹೊಳೆ ದಾಟುವಷ್ಟರಲ್ಲಿ ಬಾಯೊಳಗಿನ ಎಲೆಅಡಿಕೆ ಮುಗಿಯುತ್ತಿತ್ತು. ಈಗ ಎಲೆಗೆ ಸುಣ್ಣ ಹಚ್ಚುವುದರೊಳಗೆ ಆಚೆ ದಂಡೆ.

ಇಷ್ಟೇ ಆಗಿದ್ದರೆ ಮೆಚ್ಚಬಹುದಿತ್ತು. ಆದರೆ ಪರೀಕ್ಷೆಗೆಂದು ದೋಣಿ ಬಿಡುವಾಗಲೆಲ್ಲ ಭಾವ ಎಡಬದಿಗೆ ಒಂದು ಜೋಳದ ಚೀಲ ಮಲಗಿಸುತ್ತಿದ್ದರು. ಕಾಶವ್ವನ ತೂಕದ ಚೀಲ. ಜೋಳ ತೊಯ್ಯಬಾರದೆಂದು ಅದಕ್ಕೆ ಅವಳದೇ ಹಸಿರು ಸೀರೆ ಹೊದಿಸುತ್ತಿದ್ದರು. ಮಟಮಟ ಮಧ್ಯಾಹ್ನ ನಾನು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರೆ, ನಡುಹೊಳೆಯಲ್ಲಿ ಅವರು ಆ ಸೀರೆಯ ಕಡೆ ಬಾಗಿ ಏನೋ ಹೇಳುತ್ತಿರುವುದು ಕಾಣುತ್ತಿತ್ತು. ಅದನ್ನು ನೋಡುತ್ತ ಎಷ್ಟು ಬಟ್ಟೆ ಹೊಳೆಪಾಲು ಮಾಡಿದ್ದೇನೋ, ಅತ್ತೆಯಿಂದ ಎಷ್ಟು ಬೈಸಿಕೊಂಡಿದ್ದೇನೋ.

ಚೀಲ ಇಳಿಸಿದ ಮೇಲೂ ದೋಣಿ ಎಡಕ್ಕೆ ವಾಲಿಯೇ ನಿಲ್ಲುತ್ತಿತ್ತು. ಪೀಪಾಯಿ ಬದಲಿಸಿದರು. ಎಡದ್ದನ್ನು ಬಲಕ್ಕೆ ಹಾಕಿದರು. ಎಲ್ಲಿಯೂ ಸೋರಿಕೆಯಿಲ್ಲ.

"ಫಿಟ್ಟಿಂಗ್ ಬರೋಬರಿ ಐತಿ. ಆದ್ರೂ ವಾಲತೈತಿ," ಎಂದು ಭಾವ ಉಣ್ಣುತ್ತ ಗೊಣಗಿದರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಊರವರು ಎಡಬದಿಗೆ ಕೂಡುವುದನ್ನೇ ಬಿಟ್ಟರು.

ಅಷ್ಟರಲ್ಲಿ ನನಗೆ ದಿನ ತುಂಬಿತ್ತು. ಶ್ರಾವಣದ ಒಂದು ಮಧ್ಯಾಹ್ನ ಸೂಲಗಿತ್ತಿ, "ಕೂಸು ಅಡ್ಡ ನಿಂತೈತಿ, ನನ್ನ ಕೈಲೆ ಆಗೂದಿಲ್ಲ," ಎಂದುಬಿಟ್ಟಳು. ಹೊತ್ತುಕೊಂಡು ಹೋಗಿ ದೋಣಿಗೆ ಹಾಕಿದರು. ಎಲ್ಲಿಗೆ ಗೊತ್ತೇ? ಎಡಬದಿಗೆ.

"ಎಡಕ ಬ್ಯಾಡ್ರಿ ಭಾವಾ, ನಿಮ್ಮ ಕಾಲಿಗೆ ಬೀಳತೇನಿ," ಎಂದು ನಾನು ಗೋಗರೆದೆ.

"ತಂಗೀ, ಬಲಕ್ಕ ಮಲಗಿಸಿ ನಾ ಒಮ್ಮಿನೂ ನಡಿಸಿಲ್ಲ. ಹೊಳಿ ತುಂಬೈತಿ. ಇದೊಂದ ಹಾದಿ ನನಗ ಗೊತ್ತಿರೂದು."

ಗಂಡ ಮುಂದೆ, ಭಾವ ಹಿಂದೆ ಹುಟ್ಟು ಹಿಡಿದರು. ಅತ್ತೆಯೂ ನನ್ನ ತಲೆಯ ಬಳಿ ಎಡಕ್ಕೇ ಕುಳಿತಿದ್ದರು. ನಮ್ಮಿಬ್ಬರ ಭಾರಕ್ಕೆ ಆ ಬದಿ ಇನ್ನಷ್ಟು ಮುಳುಗಿತು. ನೀರು ನನ್ನ ಬೆರಳಿಗೆ ತಾಕುತ್ತಿತ್ತು. ನಡುಹೊಳೆಗೆ ಬಂದಾಗ ದೋಣಿ ಮೆಲ್ಲಗೆ ಅಲುಗಿತು. ಬಲಬದಿಯ ತಟ್ಟಿ ಕಿರ್ರೆಂದಿತು, ಯಾರೋ ಎದ್ದು ಆಚೆ ಹೋಗಿ ಕುಳಿತ ಹಾಗೆ. ನನ್ನ ಬೆರಳಿನಿಂದ ನೀರು ಕೆಳಗಿಳಿಯಿತು.

"ಯವ್ವಾ, ದೋಣಿ ಸಮಾ ನಿಂತೈತಿ." ಭಾವನ ಕೈಯಲ್ಲಿ ಹುಟ್ಟು ಹಾಗೆಯೇ ನಿಂತಿತ್ತು.

"ಮಾತಾಡಬ್ಯಾಡ. ಆಕಿ ಜಾಗಾ ಬಿಟ್ಟಾಳ. ಹುಟ್ಟು ಹಾಕು," ಎಂದರು ಅತ್ತೆ.

ಬಲಕ್ಕೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಇವತ್ತಿಗೂ ಹೇಳುತ್ತೇನೆ, ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಅಷ್ಟು ಧೈರ್ಯವೂ ಮತ್ತೆಂದೂ ಬಂದಿಲ್ಲ. ದವಾಖಾನೆಯಲ್ಲಿ ಮಗಳು ಹುಟ್ಟಿದಳು, ಇಬ್ಬರೂ ಉಳಿದೆವು. ಭಾವ ಮಾತ್ರ ದೋಣಿಯಿಂದ ಇಳಿಯದೆ, "ಇಷ್ಟ ಜಲ್ದಿ ಆಗತಿತ್ತು, ಇಷ್ಟ ಜಲ್ದಿ," ಎಂದು ಅಳುತ್ತ ಕುಳಿತಿದ್ದರಂತೆ. ಆಮೇಲೆ ಆ ದೋಣಿ ಎಂದೂ ವಾಲಲಿಲ್ಲ. ಊರಿಗೆಲ್ಲ ಸಂತೋಷ. ಭಾವ ಅದರ ಬಳಿಗೇ ಹೋಗಲಿಲ್ಲ. ಕಾಶವ್ವ ತನ್ನನ್ನು ಬಿಟ್ಟು ಹೋದಳೆಂದು ಸಾಯುವವರೆಗೂ ಕೊರಗಿದರು.

ಇದನ್ನೆಲ್ಲ ಈಗ ಚಹಾ ತಂದ ಮಗಳಿಗೆ ಹೇಳಿದೆ. ಅವಳಿಗೂ ತಲೆ ನರೆತಿದೆ. ಲೋಟ ಎತ್ತಿಕೊಳ್ಳುತ್ತ ಅಂದಳು:

"ಹಂಗಾರ ಆಕಿನೂ ನಿನ್ನ ಜೋಡಿ ಆಚಿ ದಂಡಿಗೆ ಇಳದಾಳ ತಗೋ. ಆಕಿನೂ ದವಾಖಾನಿಗೆ ಹೊಂಟಿದ್ಲಲ್ಲ."

ಇಷ್ಟು ವರ್ಷ ನನಗೆ ಈ ಮಾತು ತೋಚಲೇ ಇಲ್ಲ. ಕಾಶವ್ವ ಹೋದಳು ಎಂದಷ್ಟೇ ತಿಳಿದಿದ್ದೆ, ತಲುಪಿದಳು ಎಂದುಕೊಳ್ಳಲಿಲ್ಲ. ಭಾವ ಇದ್ದಿದ್ದರೆ ಈ ಮೊಣಕಾಲು ನೋವಿನಲ್ಲೂ ಎದ್ದು ಓಡಿಹೋಗಿ ಹೇಳುತ್ತಿದ್ದೆ: "ಅಳಬ್ಯಾಡ್ರಿ ಭಾವಾ. ಅವತ್ತ ನೀವು ನಮ್ಮಿಬ್ಬರನ್ನೂ ದಾಟಿಸೀರಿ."